ಹೆಸರು ಹೇಳದ ಬೇರು

ಶಶಿಕುಮಾರ, ತಂದೆ ಮರಿಯಪ್ಪ, ವಯಸ್ಸು 36 ವರ್ಷ, ಖಾಸಗಿ ಶಾಲೆಯ ವ್ಯಾನ್ ಚಾಲಕ, ವಾಸ ಬೇಗೂರು, ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ, ಆದ ನಾನು ಠಾಣೆಗೆ ಖುದ್ದಾಗಿ ಬಂದು ನನ್ನ ಹೆಂಡತಿ ಸ್ವರ್ಣಲತಾಳ ಸಾವಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ,

ಸ್ವರ್ಣಲತಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕಳೆದ ದೀಪಾವಳಿ ಆದಮೇಲೆ ಅವಳಿಗೆ ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ಶುರುವಾಯಿತು. ಗಿರಾಕಿಗಳ ರವಿಕೆ ಬಟ್ಟೆಯನ್ನು ಕತ್ತರಿಸದೆ ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಏನಾಯಿತೆಂದು ಕೇಳಿದರೆ, ಏನಾದರೂ ಆಗಿದ್ದರೆ ಹೇಳುತ್ತಿರಲಿಲ್ಲವೇ ಎಂದಳು. ಮನೆಯಲ್ಲಿ ಜಗಳವಿರಲಿಲ್ಲ. ನಿನ್ನೆಯಿಂದ ಎಲ್ಲರೂ ಮೊದಲು ಇದನ್ನೇ ಕೇಳುತ್ತಿರುವುದರಿಂದ ಮತ್ತೊಮ್ಮೆ ಹೇಳುತ್ತೇನೆ, ಜಗಳವಿರಲಿಲ್ಲ.

ಡಿಸೆಂಬರ್‌ನಲ್ಲಿ ಚಾಮರಾಜನಗರಕ್ಕೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿದೆ. ಅವರು ಕೊಟ್ಟ ಮಾತ್ರೆಯನ್ನು ಮೂರು ವಾರ ನುಂಗಿ, ನಾಲಿಗೆ ಒಣಗುತ್ತದೆ, ಬೀದಿಯವರಿಗೆ ಗೊತ್ತಾದರೆ ಹುಚ್ಚಿ ಎನ್ನುತ್ತಾರೆ ಎಂದು ಬಿಟ್ಟುಬಿಟ್ಟಳು. ಆಗ ತೆರಕಣಾಂಬಿಯಲ್ಲಿರುವ ಅವಳ ತಾಯಿ ಪುಟ್ಟಸಿದ್ದಮ್ಮನವರು ಒಂದು ಬೇರಿನ ಪುಡಿ ತಂದುಕೊಟ್ಟರು. ಮಂಕು ಕವಿದವರಿಗೆ ಅವರ ಮನೆತನದವರು ಕೊಡುತ್ತ ಬಂದಿರುವ ಮದ್ದು ಅದು. ಯಾವ ಬೇರೆಂದು ಕೊಡುವವರು ಹೇಳಬಾರದು, ಕುಡಿಯುವವರು ಕೇಳಬಾರದು, ಹೆಸರು ಬಾಯಿಂದ ಹೊರಬಿದ್ದರೆ ಮದ್ದು ಕೆಡುತ್ತದೆ ಎಂದು ಅವರ ನಂಬಿಕೆ.

ಮೊದಮೊದಲು ಚೆನ್ನಾಗಿ ನಿದ್ದೆ ಬಂತು. ನನಗೂ ಸಮಾಧಾನವಾಯಿತು. ಎರಡು ತಿಂಗಳಾದ ಮೇಲೆ ಅಳು ಮೊದಲಿಗಿಂತ ಹೆಚ್ಚಾಯಿತು. ಹೆಚ್ಚಾದಂತೆಲ್ಲ ಅವಳೇ ಪುಡಿಯನ್ನೂ ಹೆಚ್ಚು ಹಾಕಿಕೊಳ್ಳತೊಡಗಿದಳು. ನಾನು ಬೇಡವೆಂದರೆ, "ನಮ್ಮವ್ವ ಕೊಟ್ಟಿರದು ಕಣ್ರಿ, ಕಂಡೋರು ಕೊಟ್ಟಿದ್ದಲ್ಲ" ಎನ್ನುತ್ತಿದ್ದಳು.

ದಿನಾಂಕ 20-03-2025ರಂದು ಬೆಳಿಗ್ಗೆ 6.30ಕ್ಕೆ ನಾನು ಕೆಲಸಕ್ಕೆ ಹೊರಟಾಗ ಅವಳು ಏಳಲಿಲ್ಲ. ಕೈಕಾಲು ತಣ್ಣಗಿದ್ದವು. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ಅಡುಗೆಮನೆಯಲ್ಲಿ ಪುಡಿಯ ಡಬ್ಬಿ ಖಾಲಿಯಾಗಿತ್ತು. ಅತ್ತೆಗೆ ಫೋನ್ ಮಾಡಿ, ಶಾಲೆಯ ವ್ಯಾನಿನಲ್ಲೇ ಮಲಗಿಸಿಕೊಂಡು ಗುಂಡ್ಲುಪೇಟೆಯ ಆಸ್ಪತ್ರೆಗೆ ಹೋದೆ. ಅತ್ತೆ ಆಟೋದಲ್ಲಿ ಅಲ್ಲಿಗೇ ಬಂದರು.

ವೈದ್ಯರು ನಾಡಿ ತೀರಾ ನಿಧಾನವಾಗಿದೆ, ಯಾವ ಬೇರು ಕುಡಿದಿದ್ದಾರೆಂದು ತಿಳಿದರೆ ಚಿಕಿತ್ಸೆಗೆ ಅನುಕೂಲವೆಂದು ಕೇಳಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ನಾನು ಬೈದೆ. ಆಮೇಲೆ ಕಾಲು ಹಿಡಿದೆ. ಅವರು ಅಳುತ್ತ, "ಬಲವಂತ ಮಾಡ್ಬೇಡಿ ಕಣಪ್ಪ, ಈಗ ಯೋಳ್ಬುಟ್ರೆ ಒಳಗಿರ ಮದ್ದು ಕೆಟ್ಟೋಯ್ತದೆ, ನನ್ ಮಗಳ ಕೈ ಬುಟ್ಬುಡ್ತದೆ" ಎಂದರು. ಅವರು ಹಟಕ್ಕೆ ಬಿದ್ದು ಹೇಳಲಿಲ್ಲವೆಂದು ಯಾರೂ ತಿಳಿಯಬಾರದು. ಮಗಳನ್ನು ಉಳಿಸಿಕೊಳ್ಳಲೆಂದೇ ಸುಮ್ಮನಿದ್ದರು.

ವೈದ್ಯರ ಸಲಹೆಯಂತೆ ಚಾಮರಾಜನಗರಕ್ಕೆ ಆಂಬುಲೆನ್ಸಿನಲ್ಲಿ ಸಾಗಿಸುವಾಗ ದಾರಿಯಲ್ಲೇ ಸ್ವರ್ಣಲತಾಳ ಉಸಿರು ನಿಂತಿತು. ಜೊತೆಯಲ್ಲಿದ್ದ ನರ್ಸ್ ಮುಖಕ್ಕೆ ಬಟ್ಟೆ ಎಳೆದರು. ಅತ್ತೆ ಆ ಬಟ್ಟೆ ಸರಿಸಿ, ಅವಳ ಕಿವಿಯ ಹತ್ತಿರ ಬಗ್ಗಿ, ಸರ್ಪಗಂಧದ ಬೇರು ಕಣಮ್ಮಿ ಎಂದು ಹೇಳಿದರು. ಮತ್ತೆ ಮತ್ತೆ ಹೇಳಿದರು.

ನನಗೆ ಯಾರ ಮೇಲೂ ಅನುಮಾನವಿಲ್ಲ. ಅತ್ತೆಯ ಮೇಲೆ ಸಿಟ್ಟಿದೆ, ಅದನ್ನೂ ಬರೆದುಕೊಳ್ಳಿ. ದೂರು ಇಲ್ಲ. ನಿನ್ನೆ ಮರಣೋತ್ತರ ಪರೀಕ್ಷೆ ಮುಗಿದು ಸಂಜೆ ಮಣ್ಣು ಮಾಡಿ ಬಂದಾಗಿನಿಂದ ಅವರು, "ಆಗ್ಲೇ ಯೋಳಿದ್ರೆ ಉಳ್ಕತಿದ್ಲಾ ಅಳಿಯಂದ್ರೆ?" ಎಂದು ಕೇಳುತ್ತಲೇ ಇದ್ದಾರೆ. ನಾನು ಇಲ್ಲ ಎಂದು ಹೇಳಿದ್ದೇನೆ. ನಿಜ ನನಗೂ ಗೊತ್ತಿಲ್ಲ. ಆದ್ದರಿಂದ ಆ ಪರೀಕ್ಷೆಯ ವರದಿ ಬಂದಾಗ ನನ್ನೊಬ್ಬನನ್ನೇ ಕರೆದು ತಿಳಿಸಬೇಕು, ತೆರಕಣಾಂಬಿಗೆ ಯಾರನ್ನೂ ಕಳುಹಿಸಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಬೇಗೂರು
ದಿನಾಂಕ: 21-03-2025
(ಸಹಿ) ಶಶಿಕುಮಾರ