ಎಂಟನೆಯ ಸುತ್ತು

2025ರ ಜನವರಿ ಎಂಟು, ಬುಧವಾರ. ಹಗಲೆಲ್ಲ ಒಣ ಬಿಸಿಲು. ಹೊತ್ತು ಮುಳುಗಿದ ಮೇಲೆ ಗಾಳಿ ಎದ್ದು, ಮಾತಾಡಿದರೆ ಬಾಯಿಂದ ಹಬೆ ಬರುವಷ್ಟು ಚಳಿ.

ಸವಣೂರಿನ ನಮ್ಮ ಓಣಿಯ ಮುಬಶೀರ ನಳ-ಪೈಪಿನ ಕೆಲಸದವನು. ಅವತ್ತು ಅಕ್ಕಿಆಲೂರಿನಲ್ಲಿ ಬಸ್ಸು ಇಳಿದಾಗ ರಾತ್ರಿ ಹತ್ತು ದಾಟಿತ್ತು. ಊರ ಹೊರಗಿನ ಆಲದ ಮರದ ಕೆಳಗೆ ಹಾದು ಹೊಲದ ದಾರಿ ಹಿಡಿದ. ಗಾಳಿ ಬೀಸುತ್ತಿತ್ತು… ಎಲೆ ಅಲುಗುತ್ತಿರಲಿಲ್ಲ. ಚಪ್ಪಲಿಯ ಸಪ್ಪಳ ಒಂದೇ. ಟಪ್… ಟಪ್… ಅದಕ್ಕೆಲ್ಲ ಹೆದರುವ ಆಳಲ್ಲ ಅವನು. ಅವನ ತಲೆಯಲ್ಲಿ ಇದ್ದದ್ದು ಎಂಟನೆಯ ಸುತ್ತು.

ಹೊಲದ ನಡುವೆ ಶೈಲಶ್ರೀಯ ಕೋಳಿ ಶೆಡ್ಡು. ಹಿಂದಿನ ವರ್ಷ ಇದೇ ಚಳಿಗೆ ಎರಡು ಸಾವಿರ ಮರಿ ಒಂದೇ ರಾತ್ರಿ ಸತ್ತಿದ್ದವು. ಈ ಸಲವೂ ಸತ್ತರೆ ಮುಂದೆ ಮರಿ ಕೊಡುವುದಿಲ್ಲ ಎಂದು ಕಂಪನಿಯವರು ಹೇಳಿಬಿಟ್ಟಿದ್ದರು. ಅದಕ್ಕೇ ಅವಳು ಮುಬಶೀರನಿಂದ ಸಿಮೆಂಟು ನೆಲದೊಳಗೆ ಎಂಟು ಸುತ್ತು ಪೈಪು ಹಾಕಿಸಿದ್ದಳು. ಹೊರಗೆ ಬಾಯ್ಲರಿನಲ್ಲಿ ಗೋವಿನಜೋಳದ ಬೆಂಡು ಉರಿಯಬೇಕು, ಬಿಸಿನೀರು ನೆಲದೊಳಗೆ ಸುತ್ತಬೇಕು, ನೆಲ ಕಾಯಬೇಕು. ಒಮ್ಮೆಲೇ ಕಾಯಿಸಿದರೆ ನೆಲ ಸೀಳುತ್ತದೆಂದು ಸೋಮವಾರದಿಂದ ಸ್ವಲ್ಪ ಸ್ವಲ್ಪವೇ ಏರಿಸಿದ್ದರು. ಏಳು ಸುತ್ತು ಬೆಚ್ಚಗಾದವು. ಬಾಗಿಲ ಪಕ್ಕದ ಎಂಟನೆಯದು ಆಗಲಿಲ್ಲ. ಬೆಳಗಿನ ಐದಕ್ಕೆ ಮರಿಗಳ ಗಾಡಿ.

"ಗಾಡಿ ಬಂದ್ರ ಮರಿ ಎಲ್ಲಿ ಇಳಸ್ಲಿ? ಅಷ್ಟ ಹೇಳು," ಎಂದಳು ಶೈಲಶ್ರೀ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಪೈಪಿನ್ಯಾಗ ಹವಾ ಸಿಕ್ಕೈತ್ರಿ ಅಕ್ಕಾರ. ತಗದಬಿಟ್ರ ಆತು."

ಕಾವಲಿನ ದ್ಯಾಮಪ್ಪ ಕಂಬಳಿಯೊಳಗಿಂದ ಗೊಣಗಿದ: "ನೆಲಕ್ಕ ಚಳಿ ಅಂತ ನೀರು ಕಾಸ್ತೀರಿ. ನನಗ ಒಂದ ಕಪ್ ಚಾ ಕಾಸೋರಿಲ್ಲ."

"ನೀ ಸಿಮೆಂಟ್ ಆಗಿ ಹುಟ್ಟಬೇಕಿತ್ತು ಕಾಕಾ," ಎಂದು ಮುಬಶೀರ ಕೂತು, ಎಂಟನೆಯ ಸುತ್ತಿನ ಹವಾ ಬಿಡುವ ತಿರುಪು ಸಡಿಲಿಸಿದ.

ಸ್ಸ್ಸ್…

ಎರಡು ನಿಮಿಷ ಹವಾ ಬರಬೇಕು, ಆಮೇಲೆ ನೀರು ಉಗುಳಬೇಕು. ಕಾಲು ತಾಸಾಯಿತು. ನೀರು ಬರಲಿಲ್ಲ. ಹವಾ ನಿಂತಿತು… ಮತ್ತೆ ಬಂತು. ನಿಂತಿತು… ಬಂತು. ನಿಂತಾಗ ತೂತಿಗೆ ಬೆರಳಿಟ್ಟು ನೋಡಿದ. ಬೆರಳನ್ನು ಒಳಗಿನಿಂದ ಎಳೆದ ಹಾಗಾಯಿತು. ಹ್ಹ್… ಹಸಿ ಕೆಸರಿನ ವಾಸನೆ.

ದ್ಯಾಮಪ್ಪ ಎದ್ದು ಕೂತಿದ್ದ. ಪಿಸುಗುಟ್ಟಿದ: "ಅದು ಉಸರು."

"ಯಾರದು?"

"ಬಾವೀದು. ಶೆಡ್ ಕಟ್ಟೂಮುಂದ ಇಲ್ಲೇ ಮುಚ್ಚಿದ್ವಿ. ಮುಚ್ಚಿದ ಬಾವಿಗೆ ಉಸರಾಡಾಕ ಒಂದ ಪೈಪ್ ಬಿಡಬೇಕು, ಬಿಟ್ಟಿದ್ವಿ. ನೆಲದಿಂದ ನಾಕ ಬೆರಳು ಮ್ಯಾಲ ಇತ್ತು. ಈಗ ಕಾಣವಲ್ದು."

ಮೂರು ತಿಂಗಳ ಹಿಂದೆ ಆ ಪೈಪನ್ನು ಕೊಯ್ದು, ಬಾಯಿಗೆ ಮುಚ್ಚಳ ಬಡಿದು, ಮೇಲೆ ಸಿಮೆಂಟು ಹಾಕಿಸಿದವನು ಮುಬಶೀರನೇ. ಬ್ಯಾಡಾದ ಪೈಪು ಎಂದುಕೊಂಡಿದ್ದ. ಯಾರನ್ನೂ ಕೇಳಿರಲಿಲ್ಲ. ಆದರೆ ಅದಕ್ಕೂ ಎಂಟನೆಯ ಸುತ್ತಿಗೂ ಸಂಬಂಧವೇ ಇರಲಿಲ್ಲ. ನಡುವೆ ಒಂದು ಗೇಣು ಸಿಮೆಂಟು.

"ನಾನ ಕೊಯ್ದಿದ್ದು," ಎಂದ ಕಡೆಗೆ.

"ಹಂಗಾರ ನೀನ ತಗೀ," ಎಂದಳು ಶೈಲಶ್ರೀ.

ಉಳಿ-ಸುತ್ತಿಗೆ ಹಿಡಿದ. ಟಣ್… ಟಣ್… ಬೆಚ್ಚಗಿನ ಪೈಪುಗಳಿಗೆ ತಾಗದ ಹಾಗೆ ಒಡೆಯುವಷ್ಟರಲ್ಲಿ ಒಂದೂವರೆ. ಮುಚ್ಚಳ ಕಂಡಿತು. ತಿರುಗಿಸಿದ. ಟಕ್ ಎಂದು ಬಿಟ್ಟಿತು. ಒಳಗಿನಿಂದ ಒಂದು ಉದ್ದ ಉಸಿರು ಬಂತು… ಬರುತ್ತಲೇ ಇತ್ತು… ಶೆಡ್ಡಿನ ಬಲ್ಬು ತೂಗಾಡುವಷ್ಟು. ನೆಲದ ಕಾವೆಲ್ಲ ಆರಿಹೋದೀತೆಂದು ಅವನು ಬಲಗೈ ಅಂಗೈಯನ್ನು ಪೈಪಿನ ಬಾಯಿಗೆ ಒತ್ತಿಬಿಟ್ಟ.

ಉಸಿರು ತಿರುಗಿತು. ಕೈಯನ್ನು ಒಳಕ್ಕೆ ಹಿಡಿಯಿತು.

ನೋವಾಗಲಿಲ್ಲವಂತೆ. ಏನೂ ಆಗಲಿಲ್ಲವಂತೆ. ದ್ಯಾಮಪ್ಪ ಕೈ ಎಳೆಯಲು ಬಂದ. "ಬ್ಯಾಡ ಕಾಕಾ… ನಿಂದ್ರು," ಎಂದ ಮುಬಶೀರ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಮೂವರೂ ಹಾಗೇ ಇದ್ದರು. ಆಮೇಲೆ ಬಿಟ್ಟಿತು. ಅದೇ ಗಳಿಗೆಗೆ ಬಾಗಿಲ ಪಕ್ಕದಲ್ಲಿ ಎಂಟನೆಯ ಸುತ್ತು ನೀರು ಉಗುಳಿತು. ಗುಳು… ಗುಳು… ಚಿಟ್.

ಬಾವಿಯ ಪೈಪಿಗೆ ಹೊಸ ತುಂಡು ಜೋಡಿಸಿ ಗೋಡೆಗುಂಟ ಕಿಟಕಿಯ ಹೊರಗೆ ಬಿಟ್ಟ. ಗಾಡಿ ಬಂದಾಗ ಎಂಟೂ ಸುತ್ತು ಬೆಚ್ಚಗಿದ್ದವು. ಮೂರು ಸಾವಿರ ಮರಿ ಇಳಿದವು. ಚಿಲಿಪಿಲಿ ಎನ್ನುತ್ತ ನೆಲದ ತುಂಬ ಹರಡಿಕೊಂಡವು, ಒಂದೂ ಮುದುಡಿ ಕೂರಲಿಲ್ಲ. ಶೈಲಶ್ರೀ ಬಾಗಿಲಲ್ಲಿ ನಿಂತು ನೋಡಿದಳು. ನಗಲಿಲ್ಲ. "ಚಾ ಮಾಡ್ತೇನಿ, ಕುಂದರ್ರಿ ಇಬ್ರೂ," ಎಂದಳು.

ಈ ಕತೆ ಕೇಳಿದವರೆಲ್ಲ ಕೊನೆಗೆ ಕೂಲಿ ಎಷ್ಟು ಕೊಟ್ಟಳು ಎಂದು ಕೇಳುತ್ತಾರೆ. ಮಾತಾಡಿದಷ್ಟನ್ನೂ ಕೊಟ್ಟಳು. ಅದು ಬೇರೆ.

ಮುಂದಿನ ವಾರ ಮುಬಶೀರನ ಮಗಳು ಮಾಹೀರಾಗೆ ಮೈ ಸರಿ ಇರಲಿಲ್ಲ. ನಾಲ್ಕು ವರ್ಷದ ಕೂಸು. ರಾತ್ರಿ ಇವನು ಎದ್ದು ಅವಳ ಹಣೆಯ ಮೇಲೆ ಬಲಗೈ ಇಟ್ಟ. ಬಹಳ ಹೊತ್ತು ಇಟ್ಟುಕೊಂಡೇ ಕೂತಿದ್ದ.

"ಜ್ವರ ಇಲ್ಲ. ಮಲಕ್ಕೋ," ಎಂದ ಹೆಂಡತಿಗೆ.

ಮದಿಹಾ ಬಂದು ಮುಟ್ಟಿದಳು. ಗಂಡನ ಮುಖ ನೋಡಿದಳು. "ಅಂಗೈ ಸುಡಾಕತ್ತೈತಿ ನಂದು… ನಿಮಗ ಗೊತ್ತಾಗವಲ್ದ?"

ನಮ್ಮ ಮನೆಯ ಬಾಗಿಲು ಬಡಿದದ್ದು ಅವಳೇ. ಥರ್ಮಾಮೀಟರು ಒಯ್ದವನು ನಾನು. ನೂರಾಮೂರು ಇತ್ತು. ಅವನ ಕೈ ಇನ್ನೂ ಆ ಹಣೆಯ ಮೇಲೆಯೇ ಇತ್ತು.