ಹೈಪೋ ನೀರಿನ ಬೆಳ್ಳಿ

ಅಧ್ಯಕ್ಷರಾದ ಉಜ್ಜನಪ್ಪನವರೇ, ವೇದಿಕೆಯ ಹಿರಿಯರೇ, ಹೆಗಲಿನ ಕ್ಯಾಮೆರಾ ಇಳಿಸದೆಯೇ ಬಂದು ಕುಳಿತಿರುವ ಸಭಿಕರೇ,

ದಾವಣಗೆರೆ–ಹರಿಹರದ ನಮ್ಮ ಛಾಯಾಗ್ರಾಹಕರ ಸಂಘ ಇಂದು ಸನ್ಮಾನಿಸುತ್ತಿರುವುದು ಶ್ರೀಮತಿ ಶಹಜಾದಿಯವರನ್ನು. ಅವರ ಪರಿಚಯವನ್ನು ಅವರ ಗಂಡನೇ ಮಾಡಬೇಕಂತೆ. ಮನೆಯಲ್ಲಿ ನನಗೆ ಇಷ್ಟು ಹೊತ್ತು ಮಾತಾಡಲು ಅವಕಾಶ ಸಿಕ್ಕಿದ್ದಿಲ್ಲ!

ಎಂಬತ್ತೆರಡನೇ ಇಸವಿಯ ಬೇಸಿಗೆ. ಹರಿಹರದ ನನ್ನ ಸ್ಟುಡಿಯೋಗೆ ಹಿಂದಿನ ಮನೆಯ ಕೊಟ್ರವ್ವ ಬಂದರು. "ರೌಫ್ ಸಾಬ್ರೇ, ನಿಮ್ಮ ಮೋರಿ ನೀರು ಬಸಿದು ನನ್ನ ಬಾವಿ ಕಪ್ಪಾಗೈತೆ. ಎಮ್ಮೆ ಸೈತ ಮೂಸಲ್ಲ. ಹೆಂಗೆ ಬದುಕ್ಲಿ?" ಫಿಲ್ಮ್ ತೊಳೆದ ಹೈಪೋ ಎಂಬ ರಸಾಯನದ ನೀರು ಅದು. ಊರ ತುಂಬ ಮದುವೆಗಳಿದ್ದ ಕಾಲದಲ್ಲೇ ಅಂಗಡಿಗೆ ಬೀಗ ಹಾಕಿದೆ. ಬೇರೆ ಕಸುಬು ನನಗೆ ಗೊತ್ತಿತ್ತೇ?

ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದ್ದ ಶಹಜಾದಿ ಅಂದಳು: "ಬೀಗ ತೆಗೀರಿ. ಆ ನೀರು ಮಾತ್ರ ಚೆಲ್ಲಬ್ಯಾಡ್ರಿ, ಅದ್ರಾಗೆ ಬೆಳ್ಳಿ ಐತೆ."

ಕ್ಯಾನಿನ ಹೈಪೋದಲ್ಲಿ ಪಾತ್ರೆ ಉಜ್ಜುವ ಕಬ್ಬಿಣದ ನಾರು ಮುಳುಗಿಸಿಟ್ಟಳು. ಕೆಲವು ದಿನಗಳಲ್ಲಿ ನಾರು ಕರಗಿ, ತಳದಲ್ಲಿ ಬೂದುಬಣ್ಣದ ಕೆಸರು ಕೂತಿತು. ಒಣಗಿಸಿ ದಾವಣಗೆರೆಯ ಅಕ್ಕಸಾಲಿ ಮಾಲತೇಶಪ್ಪನವರಲ್ಲಿಗೆ ಒಯ್ದೆವು. "ಒಲೆ ಬೂದಿ ತಂದೀರೇನವ್ವಾ?" ಎಂದು ನಕ್ಕ ಅವರು ಬಿಳಿಗಾರ ಹಾಕಿ ಮೂಸೆಯನ್ನು ಕೆಂಡದಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಅವರ ದನಿಯೇ ಇಳಿದಿತ್ತು. "ಬರ್ರಿ, ನೋಡ್ರಿ ಇಲ್ಲಿ."

ಬೂದಿ ಕರಗಿ ಒಂದಾಗಿ, ಉರುಟಾಗಿ, ಕನ್ನಡಿಯಂತೆ ನಡುಗುತ್ತಿತ್ತು. ಸಭಿಕರೇ, ನೆಗೆಟಿವಿನಲ್ಲಿ ಬೆಳಕು ಬಿದ್ದ ಕಡೆ ಬೆಳ್ಳಿ ಉಳಿಯುತ್ತದೆ. ನೆರಳಿನ, ಕಪ್ಪಿನ ಕಡೆಯದು ಹೈಪೋದಲ್ಲಿ ಕರಗಿಹೋಗುತ್ತದೆ. ಹಾಗಾದರೆ ನಾನು ನೋಡುತ್ತಿದ್ದದ್ದು ಏನು? ಮದುಮಗಳ ಜಡೆ, ಮುದುಕನ ಕಂಬಳಿ, ಕೂಸಿನ ಕಣ್ಣಕಪ್ಪು! ಇಪ್ಪತ್ತು ವರ್ಷ ಮೋರಿಗೆ ಸುರಿದದ್ದು ಇದನ್ನೇ? ಶಹಜಾದಿಯತ್ತ ತಿರುಗಿದೆ. ಬಿಸಿಯಲ್ಲಿ ಅವಳ ಮುಖ ಕೆಂಪಾಗಿತ್ತು. ಇಂಥವಳ ಜೊತೆ ಇಷ್ಟು ದಿನ ಬಾಳಿದೆನೇ ಎನ್ನಿಸಿತು.

"ಬಳೆ ಮಾಡಿಸಲೇ?" ಎಂದೆ. "ಬ್ಯಾಡ. ಬಾವಿ ಕೆಟ್ಟೈತಲ್ಲ" ಎಂದಳು.

ಆಮೇಲೆ ನಿಮ್ಮೆಲ್ಲರ ಸ್ಟುಡಿಯೋಗಳಿಂದ ಕ್ಯಾನುಗಳು ಬಂದವು. ಬೆಳ್ಳಿ ತೆಗೆದ ನೀರೂ ಮೋರಿ ಸೇರದೆ ಸಿಮೆಂಟ್ ತೊಟ್ಟಿಯಲ್ಲಿ ಬತ್ತಿತು. ಬೆಳ್ಳಿ ಮಾರಿ ಕೊಟ್ರವ್ವನ ಬಾವಿಯ ನೀರೆಲ್ಲ ತೋಡಿಸಿ, ಹೂಳೆತ್ತಿಸಿದೆವು. ಎರಡು ಮಳೆಗಾಲ ಕಳೆದ ಮೇಲೆ ಸರ್ಕಾರಿ ಪ್ರಯೋಗಾಲಯದವರು ನೀರು ಕುಡಿಯಬಹುದು ಎಂದರು. ಕೊಟ್ರವ್ವ ಚೊಂಬು ತುಂಬಿ ತಂದು ನನ್ನ ಮುಂದೆ ಹಿಡಿದರು. ನನ್ನ ಕೈ ಹಿಂಜರಿಯಿತು. ಶಹಜಾದಿ ಚೊಂಬು ಕಸಿದು, ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಸಿಹಿ ಐತೆ ಕಣವ್ವಾ."

ಕೊಟ್ರವ್ವ ಅವಳನ್ನು ತಬ್ಬಿಕೊಂಡು ಅತ್ತರು. ಆ ಕ್ಷಣದ ಫೋಟೋ ನನ್ನ ಬಳಿ ಇಲ್ಲ. ಕ್ಯಾಮೆರಾ ಕೊರಳಲ್ಲೇ ಇತ್ತು, ಕೈ ಏಳಲಿಲ್ಲ.

ಇಷ್ಟು ಹೊತ್ತು ಕೇಳಿದಿರಿ, ಋಣಿ. ಎಲ್ಲರಿಗೂ, ಅವಳಿಗೂ, ನಮಸ್ಕಾರ.