ಮುಚ್ಚಿಸಿದ ಬೆಳಕಿಂಡಿಯ ಬಗ್ಗೆ ನೀರಮಾನ್ವಿಯ ಶೇಖಮ್ಮ ಕೊಟ್ಟ ಹೇಳಿಕೆ

ನನ್ನ ಹೆಸರು ಶೇಖಮ್ಮ ಗಂಡ ದಿವಂಗತ ಯಂಕೋಬ, ವಯಸ್ಸು 50 ವರ್ಷ, ಉದ್ಯೋಗ: ಎಲ್ಲಮ್ಮ ದೇವಿಯ ದರ್ಶನಕ್ಕೆ ಬರುವವರಿಗೆ ದಿನದ ಬಾಡಿಗೆಯ ಮೇಲೆ ಖೋಲಿ ಕೊಡುವುದು, ಸಾ. ನೀರಮಾನ್ವಿ, ತಾ. ಮಾನ್ವಿ, ಜಿ. ರಾಯಚೂರು. ಊರ ಶಾಲೆಯಲ್ಲಿ ನಾಲ್ಕನೇ ಜಮಾತಿನವರೆಗೆ ಓದಿದ್ದೇನೆ. ಇಂದು ದಿನಾಂಕ 19-2-1984, ರವಿವಾರ, ಬೆಳಿಗ್ಗೆ 10-30 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಮಾನ್ವಿ ಪೊಲೀಸ್ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಮೊನ್ನೆ ಶುಕ್ರವಾರ ನನ್ನ ಮನೆಯ ಬಚ್ಚಲುಮನೆಯಲ್ಲಿ ಯಮನಮ್ಮ ಗಂಡ ಗದ್ದೆಪ್ಪ, ವಯಸ್ಸು 20, ಸಾ. ಅರಕೇರಾ, ತಾ. ದೇವದುರ್ಗ, ಇವಳು ತೀರಿಕೊಂಡಳು. ಅದೇ ದಿನ ಸಂಜೆ ನನ್ನ ತಮ್ಮ ಹಂಪಯ್ಯನು ಠಾಣೆಯಲ್ಲಿ, ಬಚ್ಚಲುಮನೆಯ ಬೆಳಕಿಂಡಿಯನ್ನು ಕಟ್ಟಡದ ಗೌಂಡಿ ಅಲ್ಲಾಬಕ್ಷ್ ತನ್ನ ಮನಸ್ಸಿಗೆ ಬಂದಂತೆ ಮುಚ್ಚಿದ್ದಾನೆ ಎಂದು ಬರೆಸಿದನು. ನಾನು ಪಕ್ಕದಲ್ಲಿಯೇ ನಿಂತಿದ್ದೆ. ಅಲ್ಲ ಎನ್ನಲಿಲ್ಲ. ಅಂದಿನಿಂದ ಅಲ್ಲಾಬಕ್ಷನನ್ನು ಠಾಣೆಯಲ್ಲಿ ಕೂಡಿಸಿದ್ದಾರೆ. ನನ್ನ ತಮ್ಮ ಬರೆಸಿದ್ದು ಸುಳ್ಳು. ನಡೆದದ್ದು ಹೀಗೆ.

ನನ್ನ ಮನೆ ದೇವಿಯ ಗುಡಿಯಿಂದ ಪೂರ್ವಕ್ಕೆ ಮುನ್ನೂರು ಹೆಜ್ಜೆ ದೂರದಲ್ಲಿದೆ. ಆರು ವರ್ಷದ ಹಿಂದೆ ಗಂಡ ತೀರಿದ ಮೇಲೆ ಎರಡು ಖೋಲಿಗಳನ್ನು ಬಾಡಿಗೆಗೆ ಬಿಟ್ಟಿದ್ದೇನೆ. ಮಂಗಳವಾರ, ಶುಕ್ರವಾರ ಜನ ಬರುತ್ತಾರೆ. ಹೆಂಗಸರು ಬಾವಿಯ ಹತ್ತಿರ ಬಯಲಲ್ಲಿ, ಸೀರೆ ಉಟ್ಟುಕೊಂಡೇ ಜಳಕ ಮಾಡುತ್ತಿದ್ದರು. ಹರಕೆ ಹೊತ್ತು ಬಂದ ಹೆಣ್ಣುಮಕ್ಕಳು ಹಾಗೆ ಮುದುಡಿಕೊಂಡು ನೀರು ಹಾಕಿಕೊಳ್ಳುವುದನ್ನು ನೋಡಲಾಗದೆ, ಅವರಿಗೊಂದು ಒಳ್ಳೆಯ ಬಚ್ಚಲುಮನೆ ಕಟ್ಟಿಸಬೇಕೆಂದು ಹೋದ ವರ್ಷ ನಿರ್ಧಾರ ಮಾಡಿದೆ. ಕೆಲಸವನ್ನು ಮಾನ್ವಿಯ ಅಲ್ಲಾಬಕ್ಷನಿಗೆ ಹೇಳಿದೆ. ಅವನು ಹನ್ನೆರಡು ವರ್ಷದಿಂದ ನಮ್ಮ ಮನೆಯ ಗೌಂಡಿ. ನನ್ನನ್ನು ಯವ್ವಾ ಎನ್ನುತ್ತಾನೆ.

ದಿನಾಂಕ 14-11-1983, ಸೋಮವಾರ, ಬೆಳಿಗ್ಗೆ 7-30ರ ಬಸ್ಸಿಗೆ ನಾನು ಮತ್ತು ಅಲ್ಲಾಬಕ್ಷ್ ರಾಯಚೂರಿಗೆ ಹೋಗಿ, 9-30ಕ್ಕೆ ಮಲಂಗಸಾಬ ಎಂಬವರ ಅಂಗಡಿಯಲ್ಲಿ ಸಾಮಾನು ನೋಡಿದೆವು. ಮಲಂಗಸಾಬರು ಮೊದಲು, ನೆತ್ತಿಯ ಮೇಲಿಂದ ನೀರು ಸುರಿಯುವ ತೂತು ತೂತಿನ ನಳ ತೋರಿಸಿದರು. ಹರಕೆಯ ಜಳಕವನ್ನು ತಂಬಿಗೆಯಿಂದಲೇ ಮಾಡಬೇಕು, ಇದು ಬೇಡ ಎಂದೆ. ಅದಕ್ಕೆ ಅವರು, "ಯವ್ವಾ, ಬೊಂಬಾಯಿನಾಗ ಸಿನಿಮಾದ ಹೆಣ್ಮಕ್ಕಳು ಇದರ ಕೆಳಗ ನಿಂತು ಹಾಡ್ತಾರ ನೋಡ್ರಿ" ಎಂದರು. ನಮ್ಮ ಕಡೆಯ ಹೆಂಗಸರು ಹಾಡಾಕ ಬರಂಗಿಲ್ಲ, ಬೇಡಿಕೊಳ್ಳಾಕ ಬರ್ತಾರ ಎಂದು ನಾನು ಹೇಳಿದೆ. ಅಲ್ಲಾಬಕ್ಷ್ ನಕ್ಕು, "ಸಾಬ್ರ, ನಮ್ಮವ್ವನ ಮುಂದ ನಿಮ್ಮ ವ್ಯಾಪಾರ ನಡಿಯಂಗಿಲ್ಲ ಬಿಡ್ರಿ" ಎಂದನು.

ಆ ದಿನ ಕೊಂಡದ್ದು: ಹಿತ್ತಾಳೆಯ ನಳ ಒಂದು, ನೀರು ಕಾಯಿಸುವ ತಾಮ್ರದ ಬಂಬ ಒಂದು, ಗೋಡೆಗೆ ಬಡಿಯುವ ಸಬಕಾರದ ತಟ್ಟೆ, ಅಂಗೈ ಅಗಲದ ಕನ್ನಡಿ. ಬಟ್ಟೆ ಹಾಕುವ ಗೂಟ ನಾಲ್ಕು, ಮಡಿಯ ಸೀರೆಗೆ ಎರಡು, ಬಿಟ್ಟ ಸೀರೆಗೆ ಎರಡು. ಬಾಗಿಲಿಗೆ ಸಣ್ಣ ಚಿಲಕ ತೋರಿಸಿದಾಗ ನಾನೇ ಬೇಡವೆಂದು, ಒಂದು ಗೇಣು ಉದ್ದದ ಕಬ್ಬಿಣದ ಚಿಲಕ ಆರಿಸಿದೆ. ಒಳಗಿದ್ದವಳಿಗೆ ಯಾರೂ ಬರುವುದಿಲ್ಲವೆಂಬ ಧೈರ್ಯ ಇರಲಿ ಎಂಬುದು ನನ್ನ ಉದ್ದೇಶ. ಬಂಬಕ್ಕೆ ಕಟ್ಟಿಗೆ ಹಾಕಿದರೆ ಹೊಗೆಯಾಗಿ ಮಡಿಯ ಸೀರೆ ವಾಸನೆ ಹಿಡಿಯುತ್ತದೆ, ಆದ್ದರಿಂದ ಇದ್ದಿಲು ಮಾತ್ರ ಹಾಕಬೇಕು ಎಂದು ನಿಶ್ಚಯ ಮಾಡಿದವಳೂ ನಾನೇ.

ಬಚ್ಚಲುಮನೆ ಉದ್ದ ಆರು ಅಡಿ, ಅಗಲ ಐದು ಅಡಿ, ಮೇಲೆ ಚಪ್ಪಡಿ ಕಲ್ಲು. ಹಿಂದಿನ ಗೋಡೆಯಲ್ಲಿ, ನೆಲದಿಂದ ಆರೂವರೆ ಅಡಿ ಎತ್ತರಕ್ಕೆ ಅಲ್ಲಾಬಕ್ಷ್ ಒಂದು ಬೆಳಕಿಂಡಿ ಬಿಟ್ಟಿದ್ದನು. ದಿನಾಂಕ 2-12-1983, ಶುಕ್ರವಾರ, ಕುಂಕುಮ ಹಚ್ಚಿ, ಕಾಯಿ ಒಡೆದು ಬಳಕೆಗೆ ತೆಗೆದೆವು.

ದಿನಾಂಕ 30-12-1983, ಶುಕ್ರವಾರ, ಬೆಳಿಗ್ಗೆ ಸುಮಾರು 8 ಗಂಟೆಗೆ ಗುಂಜಹಳ್ಳಿಯ ಒಬ್ಬ ಹೆಣ್ಣುಮಗಳು ಜಳಕ ಮಾಡುತ್ತಿದ್ದಾಗ, ಯಾರೋ ಇಬ್ಬರು ಗಂಡಸರು ಹಿತ್ತಲ ಗೋಡೆ ಹತ್ತಿ ಆ ಕಿಂಡಿಯಿಂದ ಇಣುಕಿದರು. ನಾನು ಚೀರಿಕೊಂಡು ಹೋಗುವಷ್ಟರಲ್ಲಿ ಓಡಿಹೋದರು. ಗುರುತು ಸಿಗಲಿಲ್ಲ. ಆ ಹೆಣ್ಣುಮಗಳು ಒದ್ದೆ ಕೂದಲಲ್ಲಿಯೇ ಗಂಟು ಕಟ್ಟಿಕೊಂಡು, ದೇವಿಯ ಮುಖ ನೋಡದೆ ಊರಿಗೆ ಹೋದಳು. ನನ್ನ ಮನೆಯಿಂದ ಒಬ್ಬಳು ದರ್ಶನವಿಲ್ಲದೆ ಹೋದಳಲ್ಲಾ ಎಂದು ಎರಡು ದಿನ ನನಗೆ ಊಟ ಸೇರಲಿಲ್ಲ.

ದಿನಾಂಕ 2-1-1984, ಸೋಮವಾರ, ಅಲ್ಲಾಬಕ್ಷನನ್ನು ಕರೆಸಿ ಕಿಂಡಿ ಮುಚ್ಚು ಎಂದೆ. ಅವನು ಒಪ್ಪಲಿಲ್ಲ. "ಮುಚ್ಚಬ್ಯಾಡ್ರಿ ಯವ್ವಾ. ಜಾಳಿಗಿ ಬಡಿತೀನಿ, ಇಲ್ಲ ಹಿತ್ತಲ ಗೋಡಿ ಎರಡ ಮೊಳ ಏರಸ್ತೀನಿ. ಬಂಬ ಒಳಗ ಅದ, ಗಾಳಿ ಬೇಕು" ಎಂದನು. ಇದ್ದಿಲಿಗೆ ಹೊಗೆ ಎಲ್ಲಿ ಬರುತ್ತದೆ ಎಂದು ಕೇಳಿದೆ. ಸುಣ್ಣದ ಭಟ್ಟಿಯ ಕಡೆ ಚಳಿಗೆ ಇದ್ದಿಲು ಕೂಡಿಸಿಕೊಂಡು ಬಾಗಿಲು ಹಾಕಿ ಮಲಗಿದವನನ್ನು ಎತ್ತಿ ಹೊರಗೆ ತಂದದ್ದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದನು. ನನಗೆ ಸಿಟ್ಟು ಬಂತು. "ನಿನಗ ಹೆಂಗಸರ ಮಾನ ಏನ್ ಗೊತ್ತದ? ಮುಚ್ಚತೀಯೋ, ಬ್ಯಾರೆ ಗೌಂಡಿನ್ನ ಕರೀಲ್ಯೋ?" ಎಂದೆ. ಅವನು ಎದ್ದು ಆರು ಇಟ್ಟಂಗಿ ಇಟ್ಟು ಸಿಮೆಂಟು ಬಳಿದನು. ಚಹಾ ಕೊಟ್ಟರೆ ಕುಡಿಯದೆ ಹೋದನು.

ಅದಾದ ಮೇಲೆ ಜಳಕ ಮಾಡಿದವರಲ್ಲಿ ಇಬ್ಬರು ಮೂವರು ತಲೆ ಭಾರವಾಯಿತು ಎಂದಿದ್ದರು. ಹರಕೆಯವರು ಉಪವಾಸ ಇರುತ್ತಾರೆ, ಅದರಿಂದ ಬಂದದ್ದು ಎಂದು ನಾನೇ ಸಮಾಧಾನ ಹೇಳಿ ಕಳಿಸಿದ್ದೇನೆ.

ದಿನಾಂಕ 16-2-1984, ಗುರುವಾರ, ಸಂಜೆ 5-30ಕ್ಕೆ ಮೂಕಮ್ಮ ಎಂಬವಳು ತನ್ನ ಮಗಳು ಯಮನಮ್ಮ ಮತ್ತು ಮೂರು ತಿಂಗಳ ಹೆಣ್ಣುಕೂಸನ್ನು ಕರೆದುಕೊಂಡು ಬಂದಳು. ಯಮನಮ್ಮನಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಕೂಸು ಉಳಿದರೆ ಎಲ್ಲಮ್ಮನಿಗೆ ಹಸಿರು ಸೀರೆ ಉಡಿಸುತ್ತೇವೆಂದು ಹರಕೆ ಹೊತ್ತಿದ್ದರಂತೆ. ಹುಡುಗಿ ಬಚ್ಚಲುಮನೆ ನೋಡಿ ನಳ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿದಳು. "ಯವ್ವಾ, ನಮ್ಮ ಮನಿ ಇಷ್ಟ ಚೆಂದ ಇಲ್ಲ ನೋಡಬೇ, ನಾ ಇಲ್ಲೇ ಇರ್ತೀನಿ" ಎಂದು ತನ್ನ ತಾಯಿಗೆ ಹೇಳಿದಳು. ಆಗ ಮೂಕಮ್ಮ, "ಇರವ್ವಾ, ಗಂಡಗ ಗಂಜಿ ಕಾಸಾಕ ನಾ ಹೋಗ್ತೀನಿ" ಎಂದಳು. ಮೂವರೂ ನಕ್ಕೆವು.

ದಿನಾಂಕ 17-2-1984, ಶುಕ್ರವಾರ, ಬೆಳಿಗ್ಗೆ 6-15ಕ್ಕೆ ನಾನು ಬಂಬಕ್ಕೆ ಇದ್ದಿಲು ತುಂಬಿ ಹೊತ್ತಿಸಿದೆ. 7 ಗಂಟೆಗೆ ಮೂಕಮ್ಮ ಮೊದಲು ಹೋಗಿ ಪಾಳಿ ಹಿಡಿಯುತ್ತೇನೆಂದು ಗುಡಿಗೆ ಹೋದಳು. 7-10ಕ್ಕೆ ಯಮನಮ್ಮ ಕೂಸನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವಸರ ಮಾಡಬೇಡ, ಬಾಣಂತಿ ಮೈಗೆ ಬಿಸಿನೀರು ಚೆನ್ನಾಗಿ ಬೀಳಲಿ ಎಂದು ಹೇಳಿದವಳು ನಾನು. ಬಾಗಿಲ ಕೆಳಗೆ ಎರಡು ಬೆರಳು ಸಂದು ಇತ್ತು. ಬಾಣಂತಿಗೆ ಥಂಡಿ ಗಾಳಿ ಬಡಿಯಬಾರದೆಂದು ಒಂದು ಗೋಣಿತಟ್ಟನ್ನು ಮಡಚಿ ಹೊರಗಿನಿಂದ ಆ ಸಂದಿಗೆ ಒತ್ತಿದೆ. ಇದನ್ನು ಯಾರೂ ನೋಡಿಲ್ಲ.

7-30ರ ಸುಮಾರಿಗೆ ಕೂಸು ಅತ್ತಿತು. ನಾನು ಕರೆದಾಗ ಯಮನಮ್ಮ ಒಳಗಿನಿಂದ, "ಬಂದ್ನಿ ಯವ್ವಾ. ಕೈಕಾಲು ಯಾಕೋ ಜೋಮು ಹಿಡದಂಗ ಆಗೇದ" ಎಂದಳು. ಬಿಸಿನೀರಿಗೆ ಹಾಗಾಗುತ್ತದೆ, ಕುಂತು ಹಾಕಿಕೋ ಎಂದೆ. ಅದು ಅವಳ ಕಡೆಯ ಮಾತು. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿಸಿದೆ. ಅದು ಮಲಗಿತು. 7-45ಕ್ಕೆ ಕರೆದರೆ ಉತ್ತರ ಬರಲಿಲ್ಲ. ಬಾಗಿಲು ಬಡಿದೆ. ಚೀರಿದೆ. ಹಂಪಯ್ಯ ಪಕ್ಕದ ಮನೆಯಿಂದ ಹಾರೆ ತಂದನು. ಚಿಲಕ ಗಟ್ಟಿ ಇದ್ದುದರಿಂದ ಬಾಗಿಲು ಮುರಿಯಲು ಹತ್ತು ನಿಮಿಷ ಹಿಡಿಯಿತು. ಹುಡುಗಿ ಮೂಲೆಯ ಗೋಡೆಗೆ ಆತುಕೊಂಡು ಕುಳಿತಿದ್ದಳು. ಮುಖ ಕೆಂಪಗಿತ್ತು. ಬಿಸಿನೀರಿಗೆ ಕೆಂಪೇರಿದೆ, ಜೀವ ಇದೆ ಎಂದುಕೊಂಡೆ. ನನ್ನ ಸೀರೆ ಹೊದಿಸಿ, ದಾರಿಯಲ್ಲಿ ಬಂದ ಲಾರಿಯಲ್ಲಿ 8-30ಕ್ಕೆ ಮಾನ್ವಿ ಆಸ್ಪತ್ರೆಗೆ ತಂದೆವು. ಡಾಕ್ಟರು ನೋಡಿ, ಜೀವ ಆಗಲೇ ಹೋಗಿದೆ, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಏಳುವ ವಿಷಗಾಳಿ ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ ಎಂದರು. ಅಷ್ಟರಲ್ಲಿ ಸುದ್ದಿ ತಿಳಿದು ಮೂಕಮ್ಮ ಕುಂಕುಮದ ಪೊಟ್ಟಣ ಹಿಡಿದುಕೊಂಡು ಮುಂದಿನ ಬಸ್ಸಿಗೆ ಬಂದಳು.

ನಿನ್ನೆ ಶನಿವಾರ ಅರಕೇರಾದಲ್ಲಿ ಮಣ್ಣು ಮಾಡಿದರು. ನಾನೂ ಹೋಗಿದ್ದೆ. ಮೂಕಮ್ಮ ನನ್ನ ಎರಡೂ ಕೈ ಹಿಡಿದು, "ಯಕ್ಕಾ, ನೀ ಎತ್ಕೊಂಡಿದ್ದಿ ಅಂತ ಈ ಕೂಸರ ನಮ್ಮ ಪಾಲಿಗೆ ಉಳೀತು. ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಜನರೆದುರು ನನಗೆ ಕೈಮುಗಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಹಂಪಯ್ಯನಿಗೆ ನಿಜ ಹೇಳುತ್ತೇನೆ ಎಂದೆ. "ಸುಮ್ನ ಕುಂದರಬೇ ಯಕ್ಕಾ. ನಿನ್ನ ಖೋಲಿಗೆ ಆಮ್ಯಾಲ ಯಾರ್ ಬರ್ತಾರ? ಅವ ಗೌಂಡಿ, ಎಲ್ಲಿ ಹೋದ್ರೂ ದುಡಕೊಂಡು ತಿಂತಾನ" ಎಂದನು. ಇಂದು ಬೆಳಿಗ್ಗೆ ಗುಡಿಗೆ ಹೋದೆ. ಪೂಜಾರಿ ಅರಿಶಿನದ ಭಂಡಾರ ಕೊಡಲು ಬಂದಾಗ ಕೈ ಒಡ್ಡಲಾಗಲಿಲ್ಲ. ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದಿದ್ದೇನೆ.

ಠಾಣೆಯ ಪಡಸಾಲೆಯಲ್ಲಿ ಅಲ್ಲಾಬಕ್ಷ್ ಕುಳಿತಿದ್ದನು. ನಾನು ಹಟ ಮಾಡಿ ಮುಚ್ಚಿಸಿದ್ದನ್ನು ಸಾಹೇಬರಿಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. "ಇಟ್ಟಂಗಿ ಇಟ್ಟವ ನಾನ ಅಲ್ಲೇನ್ರಿ ಯವ್ವಾ. ಸಾಮಾನು ಒಗದು ಎದ್ದು ಹೋಗಬೇಕಿತ್ತು, ಹೋಗಲಿಲ್ಲ" ಎಂದು ನೆಲ ನೋಡಿದನು.

ಅವನದು ತಪ್ಪಿಲ್ಲ. ಅವನು ಬೇಡವೆಂದಿದ್ದನು, ನಾನು ಬೇಕೆಂದೆ. ಪಂಚನಾಮೆಯಲ್ಲಿ ಆ ಗೋಣಿತಟ್ಟನ್ನು ಕಾಲೊರೆಸುವ ತಟ್ಟು ಎಂದು ಬರೆದಿದ್ದಾರೆ. ಅದು ಕಾಲೊರೆಸಲು ಇಟ್ಟದ್ದಲ್ಲ, ತಿದ್ದಿ ಬರೆದುಕೊಳ್ಳಬೇಕು. ಅಲ್ಲಾಬಕ್ಷನನ್ನು ಇಂದೇ ಮನೆಗೆ ಕಳಿಸಬೇಕು. ನನ್ನ ಮೇಲೆ ಯಾವ ಕಲಂ ಬರುತ್ತದೋ ಹಾಕಿರಿ. ಒಂದೇ ಕೇಳಿಕೆ: ನಾಳೆ ಮೂಕಮ್ಮ ಠಾಣೆಗೆ ಬರುವವಳಿದ್ದಾಳೆ. ಅವಳಿಗೆ ಅಕ್ಷರ ಬರುವುದಿಲ್ಲ, ಯಾರಾದರೂ ಇದನ್ನು ಓದಿ ಹೇಳುತ್ತಾರೆ. ಅದಕ್ಕೂ ಮೊದಲು ಒಂದು ಗಳಿಗೆ ನನ್ನನ್ನು ಅವಳ ಎದುರಿಗೆ ಕೂಡಿಸಬೇಕು. ತಟ್ಟು ಒತ್ತಿದ್ದು ಅವಳಿಗೆ ಕಾಗದದಿಂದ ತಿಳಿಯಬಾರದು, ನನ್ನ ಬಾಯಿಂದ ತಿಳಿಯಬೇಕು.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಬೆರಳಿಟ್ಟು ಓದಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ಸತ್ಯವಾಗಿದೆ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಮಾನ್ವಿ
ದಿನಾಂಕ: 19-2-1984
ಸಹಿ: ಶೇಖಮ್ಮ